ಹದಿನೇಳರ ಫಾರ್ವರ್ಡ್, ಬಾಗಿಲಲ್ಲಿ ಏಜೆಂಟ್: ಚಿಲಿಯಿಂದ ಯುರೋಪಿಗೆ ಈಗಲೇ ಕಳಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ದಾವಣಗೆರೆ. ಯಜಮಾನರ ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಚಿಲಿಯ ಸ್ಯಾಂಟಿಯಾಗೊಗೆ ಬಂದು 18 ವರ್ಷ ಆಯಿತು. ಮಗ ಹುಟ್ಟಿದ್ದು ಇಲ್ಲೇ, ಪಾಸ್‌ಪೋರ್ಟ್ ಕೂಡ ಚಿಲಿಯದ್ದೇ. ಅವನಿಗೀಗ 17 ದಾಟಿದೆ. ಮೊದಲ ದರ್ಜೆಯ ಒಂದು ಫುಟ್‌ಬಾಲ್ ಕ್ಲಬ್‌ನ ಕಿರಿಯರ ತಂಡದಲ್ಲಿ ಫಾರ್ವರ್ಡ್ ಆಗಿ ಆಡುತ್ತಾನೆ. ಈ ವರ್ಷ 14 ಗೋಲು ಹೊಡೆದಿದ್ದಾನೆ. ಹೋದ ತಿಂಗಳು ಒಬ್ಬ ಏಜೆಂಟ್ ಮನೆಗೇ ಬಂದಿದ್ದರು. ಇಟಲಿಯ ಒಂದು ಕ್ಲಬ್‌ಗೆ ಇವನ ಮೇಲೆ ಕಣ್ಣಿದೆ, ಈಗಲೇ ಸಹಿ ಹಾಕಿ, 18 ದಾಟಿದರೆ ಯಾರೂ ಕೇಳುವುದಿಲ್ಲ ಅಂದರು. ವಯಸ್ಸಿನ ನಿಯಮ ಅಡ್ಡ ಬರದ ಹಾಗೆ ಯಜಮಾನರಿಗೆ ಅಲ್ಲೇ ಒಂದು ಕೆಲಸದ ಕಾಗದ ಮಾಡಿಸಿಕೊಡುತ್ತಾರಂತೆ. ಯಜಮಾನರು ಮೊದಲು ಓದು ಮುಗಿಯಲಿ ಅನ್ನುತ್ತಾರೆ. ಪಕ್ಕದ ಮನೆಯವರು 18ಕ್ಕೇ ಯುರೋಪಿಗೆ ಹೋದ ಏಂಜೆಲೊ ಹೆನ್ರಿಕೆಸ್ ಕಥೆ ಹೇಳಿ ಹೆದರಿಸುತ್ತಾರೆ. ಮಗ ಮಾತ್ರ, "ಅಲೆಕ್ಸಿಸ್‌ನ 17ಕ್ಕೇ ಕೊಂಡ್ಕೊಂಡ್ರು, ಒಸೊರಿಯೊ 19ಕ್ಕೆ ಹೋದ, ನನ್ನನ್ನ ಯಾಕೆ ತಡೀತೀರ?" ಅಂತ ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಇಲ್ಲಿ ಕೇಳೋಣ ಅಂದರೆ ನಮ್ಮವರು ಅಂತ ಯಾರೂ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಹುಡುಗನಿಗೆ ಊಟ ಮಾಡಿಸಿ ಅಮ್ಮ. ಸುಮ್ನೆ ಹೇಳುತ್ತಿಲ್ಲ. ದಿನಾ ಮೈದಾನದಲ್ಲಿ ಓಡುವ ಹುಡುಗ ಹೊಟ್ಟೆ ಖಾಲಿ ಬಿಟ್ಟರೆ ಮೊದಲು ಕೈಕೊಡುವುದು ಕಾಲು. ಅವನು ಕೇಳುತ್ತಿರುವುದು ತಪ್ಪಲ್ಲ, ಅದಕ್ಕೆ ಸರಿಯಾದ ಉತ್ತರ ಇದೆ ಅಂತ ಹೇಳಿ. ಈ ಪತ್ರವನ್ನು ಅವನಿಗೂ ಓದಿಸಿ.

ಎರಡನೆಯದು, ಆ ಕಾಗದಕ್ಕೆ ಸಹಿ ಹಾಕಬೇಡಿ. ಯಜಮಾನರ ಹೆಸರಲ್ಲಿ ಕೆಲಸದ ಕಾಗದ ಮಾಡಿಸುತ್ತೇವೆ ಅಂದರಲ್ಲ, ಅಲ್ಲಿಗೇ ಆ ಮಾತುಕತೆ ನಿಲ್ಲಿಸಿಬಿಡಿ.

ಯಾಕೆ ಅಂತ ಹೇಳುತ್ತೇನೆ. 18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ವರ್ಗ ಮಾಡುವಂತಿಲ್ಲ. ಇದು ಫಿಫಾ ನಿಯಮ. ಕೆಲವು ವಿನಾಯಿತಿಗಳಿವೆ. ಯುರೋಪಿನ ಒಕ್ಕೂಟದ ಒಳಗೇ 16 ದಾಟಿದವರು ಓಡಾಡಬಹುದು. ಗಡಿ ಪಕ್ಕದ ಊರಿನವರಿಗೆ ಒಂದು ದಾರಿ ಇದೆ. ಇನ್ನೊಂದು, ತಂದೆ ತಾಯಿ ಫುಟ್‌ಬಾಲ್‌ಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಬೇರೆ ದೇಶಕ್ಕೆ ಹೋದರೆ ಮಗ ಅಲ್ಲಿ ಆಡಬಹುದು. ನಿಮ್ಮ ಏಜೆಂಟ್ ಬಳಸಲು ಹೊರಟಿರುವುದು ಈ ಕೊನೆಯದನ್ನು. ಆದರೆ ಮಗನ ಆಟಕ್ಕೋಸ್ಕರ ತಂದೆಗೆ ಕೆಲಸ ಹುಟ್ಟಿಸಿದರೆ ಅದು ಫುಟ್‌ಬಾಲ್ ಕಾರಣವೇ ಆಯಿತು ಅಲ್ವಾ? ಫಿಫಾ ಇಂಥ ಅರ್ಜಿಗಳನ್ನು ಒಂದೊಂದಾಗಿ ನೋಡುತ್ತದೆ. ಕೆಲಸ ಯಾರು ಕೊಟ್ಟರು, ಯಾವಾಗ ಕೊಟ್ಟರು, ಹುಡುಗನ ಹೆಸರು ಕ್ಲಬ್‌ಗೆ ಮೊದಲೇ ಗೊತ್ತಿತ್ತಾ, ಎಲ್ಲವನ್ನೂ ಕೇಳುತ್ತದೆ.

ಸಿಕ್ಕಿಬಿದ್ದರೆ ಕ್ಲಬ್‌ಗೆ ದಂಡ ಬೀಳುತ್ತದೆ, ಆದರೆ ವರ್ಷಗಳು ಹೋಗುವುದು ಹುಡುಗನದ್ದು. 2014ರಲ್ಲಿ ಬಾರ್ಸಿಲೋನಾ ಕ್ಲಬ್‌ಗೆ ಇದೇ ನಿಯಮ ಮುರಿದಿದ್ದಕ್ಕೆ ಹೊಸ ಆಟಗಾರರನ್ನು ಕೊಳ್ಳದಂತೆ ನಿಷೇಧ ಬಿತ್ತು. ಕ್ಲಬ್ ಅದನ್ನು ತಡೆದುಕೊಂಡಿತು. ಆದರೆ ಆ ಅಕಾಡೆಮಿಯಲ್ಲಿ ಲೀ ಸುಂಗ್-ವೂ ಅಂತ ಕೊರಿಯಾದ ಒಬ್ಬ ಫಾರ್ವರ್ಡ್ ಹುಡುಗ ಇದ್ದ. ಅವನ ಬಗ್ಗೆ ಆಗ ಬಹಳ ಮಾತಿತ್ತು. 2013ರ ಆರಂಭದಿಂದ 2016ರ ಜನವರಿಯಲ್ಲಿ 18 ತುಂಬುವ ತನಕ ಅವನು ಕ್ಲಬ್ ಪರ ಅಧಿಕೃತ ಪಂದ್ಯ ಆಡುವಂತಿರಲಿಲ್ಲ. ಸುಮಾರು ಮೂರು ವರ್ಷ. 15ರಿಂದ 18. ಒಬ್ಬ ಫಾರ್ವರ್ಡ್‌ಗೆ ಆ ವರ್ಷಗಳು ಮತ್ತೆ ಸಿಗುವುದಿಲ್ಲ.

ಏಜೆಂಟ್ ಬಗ್ಗೆ ಇನ್ನೊಂದು ಮಾತು. ಅವರಿಗೆ ಫಿಫಾ ಪರವಾನಗಿ ಇರಬೇಕು. ಪರವಾನಗಿ ಇರುವವರ ಹೆಸರು ಫಿಫಾ ಜಾಲತಾಣದಲ್ಲಿ ಸಿಗುತ್ತದೆ, ಹುಡುಕಿ ನೋಡಿ. 18ರ ಒಳಗಿನ ಮಕ್ಕಳ ಪರ ಕೆಲಸ ಮಾಡಲು ಅವರು ಅದಕ್ಕೆಂದೇ ಇರುವ ಕೋರ್ಸ್ ಮಾಡಿರಬೇಕು. ಪೋಷಕರ ಬರಹದ ಒಪ್ಪಿಗೆ ಬೇಕು. ಒಪ್ಪಂದ ಎರಡು ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಎಲ್ಲ ಏಜೆಂಟರೂ ಕೆಟ್ಟವರಲ್ಲ. ಹುಡುಗನಿಗೆ ಒಳ್ಳೆಯದಾಗಲಿ ಅಂತ ವರ್ಷಗಟ್ಟಲೆ ಕಾದವರನ್ನೂ ನಾನು ನೋಡಿದ್ದೇನೆ. ಆದರೆ ಒಳ್ಳೆಯವರು ಯಾರೂ "ಇವತ್ತೇ ಸಹಿ" ಅನ್ನುವುದಿಲ್ಲ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಅವನು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧವೇ ಜಾಸ್ತಿ ಅಪಾಯ.

ಅಲೆಕ್ಸಿಸ್ ಸಾಂಚೆಸ್ ಅವರನ್ನು ಇಟಲಿಯ ಉಡಿನೇಸೆ ಕ್ಲಬ್ 2006ರಲ್ಲಿ ಕೊಂಡುಕೊಂಡಾಗ ಅವರಿಗೆ 17 ಅನ್ನುವುದು ಹೌದು. ಆದರೆ ಅವರು ಇಟಲಿಯಲ್ಲಿ ಆಡಲು ಶುರು ಮಾಡಿದ್ದು 2008ರಲ್ಲಿ, 19ನೇ ವಯಸ್ಸಿಗೆ. ನಡುವಿನ ಎರಡು ವರ್ಷ ಎಲ್ಲಿದ್ದರು? ಮೊದಲ ವರ್ಷ ಸ್ಯಾಂಟಿಯಾಗೊದ ಕೊಲೊ ಕೊಲೊದಲ್ಲಿ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲು. ಎರಡನೆಯ ವರ್ಷ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್‌ನಲ್ಲಿ, ಅದೂ ಲೋನ್. ಕೊಲೊ ಕೊಲೊ ಜತೆ ಲೀಗ್ ಗೆದ್ದರು, ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿಯಾದ ಕೋಪಾ ಸುಡಾಮೆರಿಕಾನದಲ್ಲಿ 2006ರಲ್ಲಿ ಫೈನಲ್ ತನಕ ಹೋದರು. ರಿವರ್ ಜತೆ 2008ರ ಕ್ಲಾಸುರಾ ಅನ್ನುವ ಲೀಗ್ ಗೆದ್ದರು. ಇದೆಲ್ಲದಕ್ಕೂ ಮುಂಚೆ ಉತ್ತರದ ಮರುಭೂಮಿಯ ಗಣಿ ಊರು ಕಲಾಮಾದ ಕೊಬ್ರೆಲೋವಾ ತಂಡದಲ್ಲಿ 16ನೇ ವಯಸ್ಸಿಗೇ ದೊಡ್ಡವರ ಜತೆ ಆಡಿದ್ದರು. ಹುಟ್ಟಿದ್ದು ಟೊಕೊಪಿಯಾ ಅನ್ನುವ ಸಣ್ಣ ಬಂದರು ಊರಲ್ಲಿ.

ಅಂದರೆ ಉಡಿನೇಸೆ ಹುಡುಗನನ್ನು ಕೊಂಡಿತು, ಕರೆಸಿಕೊಳ್ಳಲಿಲ್ಲ. ಮೊದಲು ತನ್ನ ಭಾಷೆಯವರ ನಡುವೆ, ತುಂಬಿದ ಕ್ರೀಡಾಂಗಣದಲ್ಲಿ, ಗಟ್ಟಿ ಡಿಫೆಂಡರ್‌ಗಳ ಎದುರು ಆಡಲಿ ಅಂತ ಬಿಟ್ಟಿತು. ಇಟಲಿಗೆ ಬಂದ ಮೇಲೂ ಅಲೆಕ್ಸಿಸ್ ರಾತ್ರೋರಾತ್ರಿ ಹೀರೋ ಆಗಲಿಲ್ಲ. 2011ರ ಫೆಬ್ರವರಿಯಲ್ಲಿ ಪಲೆರ್ಮೊ ಎದುರು 7-0 ಗೆದ್ದ ಪಂದ್ಯದಲ್ಲಿ ಒಬ್ಬರೇ ನಾಲ್ಕು ಗೋಲು ಹೊಡೆದರಲ್ಲ, ಅದು ಅವರ ಮೂರನೇ ಸೀಸನ್. ಅದೇ ಬೇಸಿಗೆಯಲ್ಲಿ ಬಾರ್ಸಿಲೋನಾ, ಆಮೇಲೆ 2014ರಲ್ಲಿ ಆರ್ಸೆನಲ್. 2015ರ ಜುಲೈ 4ರಂದು ಸ್ಯಾಂಟಿಯಾಗೊದ ನ್ಯಾಷನಲ್ ಸ್ಟೇಡಿಯಂನಲ್ಲಿ ಅರ್ಜೆಂಟೀನಾ ಎದುರು ಆ ಕೊನೆಯ ಪೆನಾಲ್ಟಿ ನಿಮಗೆ ನೆನಪಿರಬಹುದು. ಚೆಂಡನ್ನು ಜೋರಾಗಿ ಒದೆಯಲಿಲ್ಲ. ಮೆಲ್ಲಗೆ ಎತ್ತಿ ಬಿಟ್ಟರು. ಗೋಲಿ ಆಗಲೇ ಬದಿಗೆ ಹಾರಿದ್ದರು. ದಕ್ಷಿಣ ಅಮೆರಿಕದ ದೇಶಗಳ ಕಪ್ ಆದ ಕೋಪಾ ಅಮೆರಿಕಾ ಚಿಲಿಗೆ ಮೊದಲ ಸಲ ಬಂತು. ಆ ತಣ್ಣನೆ ಕಾಲು ಒಂದು ದಿನದ್ದಲ್ಲ. ಕಲಾಮಾದಿಂದ ಅಲ್ಲಿಗೆ ಹತ್ತು ವರ್ಷ.

ಪಕ್ಕದ ಮನೆಯವರು ಹೇಳುವ ಹೆನ್ರಿಕೆಸ್ ಕಥೆಯಲ್ಲೂ ಅರ್ಧವೇ ನಿಜ. ಏಂಜೆಲೊ ಹೆನ್ರಿಕೆಸ್ ಯೂನಿವರ್ಸಿದಾದ್ ದೆ ಚಿಲೆಯ ಹುಡುಗ. 2012ರಲ್ಲಿ 18ನೇ ವಯಸ್ಸಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ಆ ವರ್ಷ ಅಲ್ಲಿ ಮುಂದೆ ಆಡುತ್ತಿದ್ದವರು ಯಾರು ನೋಡಿ: ವಾನ್ ಪರ್ಸಿ, ರೂನಿ, ವೆಲ್‌ಬೆಕ್, ಹೆರ್ನಾಂಡೆಸ್. ಅಂಥ ಸಾಲಿನಲ್ಲಿ 18ರ ಹುಡುಗನಿಗೆ ಜಾಗ ಎಲ್ಲಿಂದ ಬರಬೇಕು? 2013ರ ಜನವರಿಯಲ್ಲಿ ವಿಗನ್‌ಗೆ ಲೋನ್ ಹೋದರು. ಸಂಡರ್‌ಲ್ಯಾಂಡ್ ಎದುರು ಬದಲಿ ಆಟಗಾರನಾಗಿ ಇಳಿದು, ಮೊದಲ ಲೀಗ್ ಪಂದ್ಯದಲ್ಲೇ ಗೋಲು ಹೊಡೆದರು. ಆದರೂ ಕಾಯಂ ಜಾಗ ಸಿಗಲಿಲ್ಲ. ಮುಂದಿನ ವರ್ಷ ಸ್ಪೇನಿನ ಎರಡನೇ ದರ್ಜೆಯ ಸರಗೋಸಾ. ಯುನೈಟೆಡ್ ಹಿರಿಯರ ತಂಡಕ್ಕೆ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ. ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 2014-15ರಲ್ಲಿ ಕ್ರೊವೇಷ್ಯಾದ ಡೈನಮೊ ಝಾಗ್ರೆಬ್‌ಗೆ ಹೋದ ಮೇಲೆ ಒಂದೇ ಸೀಸನ್‌ನಲ್ಲಿ ಲೀಗ್‌ನಲ್ಲೇ ಸುಮಾರು 20 ಗೋಲು ಹೊಡೆದರು. 2015ರ ಕೋಪಾ ಗೆದ್ದ ಚಿಲಿ ತಂಡದಲ್ಲೂ ಇದ್ದರು.

ಅದೇ ಹುಡುಗ, ಅದೇ ಕಾಲು. ಒಂದು ಕಡೆ ಜಾಗವೇ ಇಲ್ಲ, ಇನ್ನೊಂದು ಕಡೆ ಗೋಲೇ ಗೋಲು. ಪ್ರತಿಭೆ ಎರಡು ವರ್ಷದಲ್ಲಿ ಹೋಗಿ ಬರುವ ವಸ್ತುವಲ್ಲ. ಝಾಗ್ರೆಬ್‌ನಲ್ಲಿ ವಾರ ವಾರ ಆಡಿಸಿದರು, ಅಷ್ಟೇ ವ್ಯತ್ಯಾಸ.

ಎಡ್ವರ್ಡೊ ವರ್ಗಾಸ್ ಅವರನ್ನೂ ಇಲ್ಲಿ ನೆನೆಯಬೇಕು. 2011ರ ಕೋಪಾ ಸುಡಾಮೆರಿಕಾನದಲ್ಲಿ 11 ಗೋಲು ಹೊಡೆದು ಯೂನಿವರ್ಸಿದಾದ್ ದೆ ಚಿಲೆಗೆ ಕಪ್ ಗೆಲ್ಲಿಸಿದವರು. ಮರು ತಿಂಗಳೇ ಇಟಲಿಯ ನಾಪೋಲಿಗೆ ಹೋದರು. ಅಲ್ಲಿ ಕವಾನಿ, ಲವೆಸ್ಸಿ ಇದ್ದರು. ಜಾಗ ಸಿಗಲಿಲ್ಲ. ಅಲ್ಲಿಂದ ಬ್ರೆಜಿಲ್, ಸ್ಪೇನ್, ಇಂಗ್ಲೆಂಡ್, ಜರ್ಮನಿ ಅಂತ ಊರೂರು ಅಲೆದರು. "ಯುರೋಪಿನಲ್ಲಿ ಸೋತವನು" ಅಂತ ಬರೆದವರೂ ಇದ್ದಾರೆ. ಆದರೆ ದೇಶದ ಜೆರ್ಸಿಯಲ್ಲಿ ನೋಡಿ. 2015ರ ಕೋಪಾದಲ್ಲಿ 4 ಗೋಲು, ಜಂಟಿಯಾಗಿ ಅತಿ ಹೆಚ್ಚು. 2016ರ ಕೋಪಾದಲ್ಲಿ 6 ಗೋಲು, ಅದರಲ್ಲಿ ನಾಲ್ಕು ಮೆಕ್ಸಿಕೋ ಎದುರಿನ 7-0 ಪಂದ್ಯದಲ್ಲೇ. ಎದುರಾಳಿ ಚೆಂಡು ಹಿಡಿದ ಕ್ಷಣವೇ ಮೈಮೇಲೆ ಬೀಳುವ, ಜಾಗ ಸಿಕ್ಕರೆ ಬಾಣದ ಹಾಗೆ ಹೋಗುವ ಆಟ ಅವರದ್ದು. ಚಿಲಿ ತಂಡ ಆಡುತ್ತಿದ್ದದ್ದೂ ಅದೇ ಥರ. ಎಲ್ಲ ಕ್ಲಬ್‌ಗಳೂ ಹಾಗೆ ಆಡುವುದಿಲ್ಲ. ಆದ್ದರಿಂದ ಯಾವ ದೇಶ ಅಂತ ಕೇಳುವ ಮೊದಲು ಯಾವ ಕೋಚ್, ಎಂಥ ಆಟ ಅಂತ ಕೇಳಬೇಕು.

ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕ್ಲಬ್‌ಗಳಿಗಾಗಿ ಪಂದ್ಯಗಳ ವಿಡಿಯೊ ನೋಡಿ ಆಟಗಾರರ ಬಗ್ಗೆ ವರದಿ ಬರೆಯುತ್ತೇನೆ. ಹನ್ನೊಂದು ವರ್ಷದಿಂದ ದಕ್ಷಿಣ ಅಮೆರಿಕದ ಫಾರ್ವರ್ಡ್‌ಗಳೇ ನನ್ನ ಪಾಲಿಗೆ. ಇಷ್ಟು ವರ್ಷ ನೋಡಿದ ಮೇಲೆ ನಾನು ನಂಬಿರುವುದು ಒಂದೇ. 18ರಿಂದ 21ರ ನಡುವೆ ಹುಡುಗ ಎಷ್ಟು ನಿಮಿಷ ದೊಡ್ಡವರ ಪಂದ್ಯ ಆಡಿದ ಅನ್ನುವುದೇ ಅವನ ಮುಂದಿನ ಹತ್ತು ವರ್ಷವನ್ನು ಬರೆಯುತ್ತದೆ. ಕ್ಲಬ್‌ನ ಹೆಸರಲ್ಲ, ಸಂಬಳವಲ್ಲ.

ಫಾರ್ವರ್ಡ್‌ಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಡಿಫೆಂಡರ್ ಆದರೆ ಅಭ್ಯಾಸದಲ್ಲೂ ಬಹಳಷ್ಟು ಕಲಿಯಬಹುದು. ಗೋಲಿನ ಮುಂದೆ ಅರ್ಧ ಸೆಕೆಂಡಿನ ನಿರ್ಧಾರ ಅಭ್ಯಾಸದಲ್ಲಿ ಬರುವುದಿಲ್ಲ. ಹಿಂದಿನಿಂದ ಮೂವತ್ತರ ಡಿಫೆಂಡರ್ ಒಬ್ಬ ಜೆರ್ಸಿ ಹಿಡಿದು ಜಗ್ಗುತ್ತಿರಬೇಕು, ಸ್ಕೋರು 0-1 ಇರಬೇಕು, ಇನ್ನು ಹತ್ತೇ ನಿಮಿಷ ಉಳಿದಿರಬೇಕು. ಆಗ ಕಲಿಯುವುದೇ ಬೇರೆ.

ಡಾರಿಯೊ ಒಸೊರಿಯೊ ವಿಷಯದಲ್ಲಿ ನಿಮ್ಮ ಮಗ ಹೇಳಿದ್ದು ಪೂರ್ತಿ ಸರಿ. ಅದರಲ್ಲಿ ಅವನು ಕಲಿಯಬೇಕಾದದ್ದೂ ಇದೆ. ಒಸೊರಿಯೊ 2004ರಲ್ಲಿ ಹುಟ್ಟಿದ್ದು. ವಾಲ್ಪರೈಸೊ ಪ್ರಾಂತ್ಯದಲ್ಲಿ ಹೂವು ಬೆಳೆಗೆ ಹೆಸರಾದ ಇಹುವೆಲಾಸ್ ಅವರ ಊರು. ಎಡಗಾಲಿನ ಆಟಗಾರ, ಬಲ ಬದಿಯಿಂದ ಒಳಗೆ ತಿರುಗುತ್ತಾರೆ. ಅಲ್ಲಿ ಒಂದು ಕ್ಷಣ ನಿಂತ ಹಾಗೆ ಮಾಡುತ್ತಾರೆ. ಡಿಫೆಂಡರ್ ತನ್ನ ಕಾಲು ನೆಲಕ್ಕೆ ಊರುತ್ತಾನೆ. ಊರಿದ ಆ ಕ್ಷಣವೇ ಚೆಂಡು ಎಡಗಾಲಿಗೆ ಬಂದಿರುತ್ತದೆ. ಇದನ್ನು ಅವರು ಯೂನಿವರ್ಸಿದಾದ್ ದೆ ಚಿಲೆಯ ಹಿರಿಯರ ತಂಡದಲ್ಲಿ ಮಾಡಿ ತೋರಿಸಿದ್ದರು. ದೇಶದ ಪರವೂ ಆಡಿದ್ದರು. ಆಮೇಲೆ 2023ರಲ್ಲಿ, 19ಕ್ಕೆ, ಡೆನ್ಮಾರ್ಕ್‌ನ ಮಿಡ್‌ಟ್ಯೂಲ್ಯಾಂಡ್ ಕ್ಲಬ್‌ಗೆ ಹೋದರು.

ಆಗ ಹಲವರು ಬೇಸರಪಟ್ಟರು. ಇಷ್ಟು ಒಳ್ಳೆಯ ಹುಡುಗ ಸಣ್ಣ ಲೀಗ್‌ಗೆ ಯಾಕೆ ಹೋದ ಅಂತ. ನನಗೆ ಮಾತ್ರ ಬಹಳ ಸಂತೋಷ ಆಗಿತ್ತು. ಆ ಕ್ಲಬ್ ಹರ್ನಿಂಗ್ ಅನ್ನುವ ಸಣ್ಣ ಊರಿನದ್ದು. ಎರಡು ಕ್ಲಬ್ ಸೇರಿ 1999ರಲ್ಲಿ ಹುಟ್ಟಿದ್ದು. ಅಂಕಿ ಅಂಶ ನೋಡಿ ಆಟಗಾರರನ್ನು ಆರಿಸುವುದಕ್ಕೆ ಹೆಸರಾಗಿದೆ. ಹುಡುಗರನ್ನು ಬೆಳೆಸಿ ದೊಡ್ಡ ಲೀಗ್‌ಗೆ ಮಾರುವುದೇ ಅವರ ಲೆಕ್ಕಾಚಾರ. ಹಾಗಾಗಿ ಹುಡುಗನನ್ನು ಆಡಿಸಲೇಬೇಕು. ಬೆಂಚಿನ ಮೇಲೆ ಕೂತವನನ್ನು ಯಾರೂ ಕೊಳ್ಳುವುದಿಲ್ಲವಲ್ಲ. ಮೊದಲ ಸೀಸನ್‌ನಲ್ಲೇ, 2023-24ರಲ್ಲಿ, ಒಸೊರಿಯೊ ಅಲ್ಲಿ ಲೀಗ್ ಚಾಂಪಿಯನ್ ಆದರು.

ಇದು ಹೊಸ ದಾರಿಯೂ ಅಲ್ಲ. ಚಿಲಿಯ ಹಿಂದಿನ ಫಾರ್ವರ್ಡ್ ಇವಾನ್ ಝಮೊರಾನೊ ಗಣಿ ಊರಿನ ಕೊಬ್ರೆಸಾಲ್‌ನಿಂದ 1988ರಲ್ಲಿ, 21ಕ್ಕೆ, ಹೋಗಿದ್ದು ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲೆನ್‌ಗೆ. ಅಲ್ಲಿ ಗೋಲು ಹೊಡೆದು ಸೆವಿಯ್ಯಾ, ಅಲ್ಲಿಂದ ರಿಯಲ್ ಮ್ಯಾಡ್ರಿಡ್. 1994-95ರಲ್ಲಿ 28 ಗೋಲು ಹೊಡೆದು ಸ್ಪೇನಿನ ಲೀಗ್‌ನಲ್ಲೇ ಮೊದಲಿಗರಾದರು. ಮಾರ್ಸೆಲೊ ಸಾಲಾಸ್ 21ಕ್ಕೆ ಅರ್ಜೆಂಟೀನಾದ ರಿವರ್ ಪ್ಲೇಟ್‌ಗೆ, 23ಕ್ಕೆ ಇಟಲಿಯ ಲಾಜಿಯೊಗೆ. ಏಜೆಂಟ್ ಹೇಳಿದ "18 ದಾಟಿದರೆ ಯಾರೂ ಕೇಳುವುದಿಲ್ಲ" ಅನ್ನುವ ಮಾತು ಇವರೆಲ್ಲರ ಮುಂದೆ ನಿಲ್ಲುತ್ತದಾ, ಮಗನೇ ಹೇಳಲಿ.

ಹಾಗಾದರೆ ಇಷ್ಟೊಂದು ಅವಸರ ಯಾಕೆ? ಕಾರಣಗಳಿವೆ. ಚಿಲಿಯಲ್ಲಿ 2005ರ ಕಾನೂನಿನ ಮೇಲೆ ದೊಡ್ಡ ಕ್ಲಬ್‌ಗಳನ್ನು ಕಂಪನಿಗಳು ನಡೆಸುತ್ತಿವೆ. ಹುಡುಗನನ್ನು ಮಾರಿದರೆ ಬರುವ ದುಡ್ಡು ಅವರಿಗೆ ದೊಡ್ಡ ಆದಾಯ. ಹುಡುಗ ಚಿಕ್ಕವನಿದ್ದಷ್ಟೂ ಬೆಲೆ ಜಾಸ್ತಿ. ಏಜೆಂಟ್‌ಗೆ ಕಮಿಷನ್ ಬರುವುದು ಸಹಿ ಬಿದ್ದಾಗ, ಹುಡುಗ ಆಡಿದಾಗಲ್ಲ. ಅದರ ಮೇಲೆ ದೇಶದ ಹಸಿವು ಬೇರೆ. 2015, 2016ರಲ್ಲಿ ಸಾಲಾಗಿ ಕೋಪಾ ಗೆದ್ದ ಚಿಲಿ ಆಮೇಲೆ 2018, 2022, 2026 ಮೂರೂ ವಿಶ್ವಕಪ್‌ಗೆ ಹೋಗಲಿಲ್ಲ. 2026ರ ಅರ್ಹತಾ ಸುತ್ತಿನಲ್ಲಂತೂ 18 ಪಂದ್ಯದಲ್ಲಿ 2 ಗೆಲುವು, 9 ಗೋಲು, ಕೊನೆಯ ಸ್ಥಾನ. ಅಲೆಕ್ಸಿಸ್ ದೇಶಕ್ಕೆ 51 ಗೋಲು ಹೊಡೆದವರು. ಅವರ ಜಾಗಕ್ಕೆ ಯಾರು ಅಂತ ಎಲ್ಲರೂ ಕಾಯುತ್ತಿದ್ದಾರೆ. ಕಿರಿಯರ ತಂಡದಲ್ಲಿ ಯಾರಾದರೂ ನಾಲ್ಕು ಗೋಲು ಹೊಡೆದರೆ ಸಾಕು, "ಹೊಸ ಅಲೆಕ್ಸಿಸ್" ಅಂತ ಹಣೆಗೆ ಅಂಟಿಸುತ್ತಾರೆ. ಹದಿನೇಳರ ಹುಡುಗ ಹೊರಬೇಕಾದ ಭಾರ ಅಲ್ಲ ಅದು.

ಜನ ಗಮನಿಸದ ಇನ್ನೊಂದು ತೊಂದರೆ ಇದೆ: ಕ್ಯಾಲೆಂಡರ್. ಚಿಲಿಯ ಲೀಗ್ ಫೆಬ್ರವರಿಯ ಹೊತ್ತಿಗೆ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಯುರೋಪಿನದ್ದು ಆಗಸ್ಟ್‌ನಿಂದ ಮೇ. ಜುಲೈನಲ್ಲಿ ಹೋಗುವ ಹುಡುಗ ಇಲ್ಲಿ ಅರ್ಧ ಸೀಸನ್ ಆಡಿಯೇ ಹೋಗಿರುತ್ತಾನೆ. ಅಲ್ಲಿ ಮತ್ತೆ ಪೂರ್ತಿ ಸೀಸನ್. ಹೆಚ್ಚು ಕಡಿಮೆ ಒಂದೂಕಾಲು ವರ್ಷ ಮೈಗೆ ಸರಿಯಾದ ವಿಶ್ರಾಂತಿ ಇಲ್ಲ. ತೊಡೆಯ ಹಿಂದಿನ ಸ್ನಾಯು ಹರಿಯುವುದು ಇಂಥ ವರ್ಷಗಳಲ್ಲೇ. ಜನವರಿಯಲ್ಲಿ ಹೋದರೆ ಇನ್ನೊಂದು ಕಷ್ಟ. ಇವನು ರಜೆಯಿಂದ ಬಂದಿರುತ್ತಾನೆ, ಅಲ್ಲಿನವರು ಓಟದ ಮಧ್ಯೆ ಇರುತ್ತಾರೆ. ಎರಡು ತಿಂಗಳು ಹೊಂದಿಕೊಳ್ಳುವುದರಲ್ಲೇ ಹೋಗುತ್ತದೆ. ಯಾವ ತಿಂಗಳಲ್ಲಿ ಹೋಗುವುದು, ನಡುವೆ ಎಷ್ಟು ವಾರ ವಿಶ್ರಾಂತಿ ಅನ್ನುವುದನ್ನು ಮಾತುಕತೆಯಲ್ಲೇ ಕೇಳಬೇಕು. ಕೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ನನ್ನ ಮನಸ್ಸಿನಲ್ಲಿ ಉಳಿದಿರುವ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ, ಕ್ಲಬ್ ಹೆಸರೂ ಬೇಡ. ಅವನ ಬಗ್ಗೆ ಒಳ್ಳೆಯ ವರದಿ ಬರೆದವನು ನಾನೇ. ಚುರುಕು ಕಾಲು, ಗೋಲಿನ ಮುಂದೆ ಗಾಬರಿ ಇಲ್ಲ, ತಗೊಳ್ಳಿ ಅಂತ ಬರೆದಿದ್ದೆ. ಯುರೋಪಿನ ಒಂದು ಕ್ಲಬ್ ತಗೊಂಡಿತು. ಆರು ತಿಂಗಳಾದ ಮೇಲೆ ಫೋನ್‌ನಲ್ಲಿ ಮಾತಾಡಿದೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ ಅಂದ. ಊಟದ ಮೇಜಿನಲ್ಲಿ ಎಲ್ಲರೂ ನಗುತ್ತಾರೆ, ಯಾಕೆ ನಕ್ಕರು ಅಂತ ತನಗೆ ಗೊತ್ತಾಗುವುದಿಲ್ಲ ಅಂದ. ಕೋಚ್ ಹೇಳಿದ್ದು ಅರ್ಥವಾಗದೆ ಎರಡು ಸಲ ತಪ್ಪು ಜಾಗಕ್ಕೆ ಓಡಿದ್ದಕ್ಕೆ ಮುಂದಿನ ಪಂದ್ಯದಿಂದ ಕೈಬಿಟ್ಟರಂತೆ. ಅವನನ್ನು ತಗೊಂಡಿದ್ದ ಕೋಚ್ ಆಗಲೇ ಬದಲಾಗಿದ್ದರು. ಹುಡುಗನ ಆಟದ ಬಗ್ಗೆ ನಾನು ಎರಡು ಪುಟ ಬರೆದಿದ್ದೆ. ಅವನು ಯಾರ ಜತೆ ಊಟ ಮಾಡುತ್ತಾನೆ ಅಂತ ಒಂದು ಸಾಲೂ ಬರೆದಿರಲಿಲ್ಲ. ಅವತ್ತಿನಿಂದ ನನ್ನ ಪ್ರತಿ ವರದಿಯ ಕೊನೆಗೆ ಅದಕ್ಕೊಂದು ಜಾಗ ಇಟ್ಟಿದ್ದೇನೆ.

ನಿಮ್ಮ ಮನೆಗೆ ಮಾತ್ರ ಅನ್ವಯಿಸುವ ಒಂದು ವಿಷಯ ಹೇಳಬೇಕು. ಚಿಲಿಯ ಎಷ್ಟೋ ಹುಡುಗರಿಗೆ ಇಟಲಿಯ ಅಥವಾ ಸ್ಪೇನಿನ ಅಜ್ಜ, ಅಜ್ಜಿ ಇರುತ್ತಾರೆ. ಅವರಿಗೆ ಯುರೋಪಿನ ಪಾಸ್‌ಪೋರ್ಟ್ ಸಿಗುವ ದಾರಿ ಇರುತ್ತದೆ. ದಾವಣಗೆರೆಯ ಅಜ್ಜಿ ಇರುವ ಹುಡುಗನಿಗೆ ಅದಿಲ್ಲ. ಅಂದರೆ ಅವನು ಅಲ್ಲಿ ಒಕ್ಕೂಟದ ಹೊರಗಿನ ಆಟಗಾರ. ಇಟಲಿಯ ಕ್ಲಬ್‌ಗಳು ಹೊರಗಿನಿಂದ ಒಂದು ಸೀಸನ್‌ಗೆ ಕೆಲವೇ ಜನರನ್ನು ತರಬಹುದು. ಸ್ಪೇನಿನ ಮೊದಲ ದರ್ಜೆಯಲ್ಲೂ ಹೊರಗಿನವರಿಗೆ ಕೆಲವೇ ಜಾಗ. ನೆದರ್ಲೆಂಡ್ಸ್‌ನಲ್ಲಿ ಹೊರಗಿನವರಿಗೆ ಕನಿಷ್ಠ ಸಂಬಳದ ನಿಯಮ ಇದೆ, ಆದ್ದರಿಂದ ಪರೀಕ್ಷೆಯಾಗದ ಹುಡುಗನನ್ನು ಸುಮ್ನೆ ತಂದು ಇಟ್ಟುಕೊಳ್ಳುವುದಿಲ್ಲ. ಹೀಗಿರುವಾಗ ಅಷ್ಟು ಅಪರೂಪದ ಜಾಗವನ್ನು ಕಿರಿಯರ ಪಂದ್ಯದಲ್ಲಿ 14 ಗೋಲು ಹೊಡೆದ, ಹಿರಿಯರ ಪಂದ್ಯ ಒಂದೂ ಆಡದ ಹುಡುಗನಿಗೆ ಇಟಲಿಯ ಕ್ಲಬ್ ಕೊಡುತ್ತದಾ? ಏಜೆಂಟ್‌ಗೆ ಈ ಪ್ರಶ್ನೆ ಕೇಳಿ. ಕ್ಲಬ್‌ನ ಲೆಟರ್‌ಹೆಡ್‌ನಲ್ಲಿ ಪತ್ರ ತನ್ನಿ ಅನ್ನಿ.

ಒಂದು ಸಮಾಧಾನದ ಸಂಗತಿಯೂ ಇದೆ. ಚಿಲಿಯ ಪೌರನಾದವನು ಸ್ಪೇನಿನಲ್ಲಿ ಕಾನೂನುಬದ್ಧವಾಗಿ ಎರಡು ವರ್ಷ ಇದ್ದರೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ಮುಂದೆ ಎಂದಾದರೂ ಯುರೋಪಿನ ಮಾತು ಬಂದರೆ, ಭಾಷೆಯೂ ಒಂದೇ ಆದ ಸ್ಪೇನನ್ನು ಮೊದಲು ನೋಡಿ.

ಈಗ ಮುಂದಿನ ದಾರಿ. ನನ್ನ ಮಗನೇ ಆಗಿದ್ದರೆ ಇನ್ನೆರಡು ವರ್ಷ ಚಿಲಿಯಲ್ಲೇ ಇರಿಸುತ್ತಿದ್ದೆ. ಅಲ್ಲಿ ಯುವ ಆಟಗಾರರನ್ನು ಇಷ್ಟು ನಿಮಿಷ ಆಡಿಸಲೇಬೇಕು ಅನ್ನುವ ನಿಯಮವನ್ನು ಲೀಗ್ ಇಟ್ಟುಕೊಂಡು ಬಂದಿದೆ. ಹಿರಿಯರ ತಂಡಕ್ಕೆ ಹೋಗಲು ಇದು ಒಳ್ಳೆಯ ಬಾಗಿಲು. ಆದರೆ ಇದರಲ್ಲೂ ಒಂದು ಮೋಸ ಇದೆ. ಕೆಲವು ಕೋಚ್‌ಗಳು ನಿಯಮಕ್ಕೆ ಬೇಕಾದಷ್ಟು ನಿಮಿಷ ತುಂಬಿದ ಕೂಡಲೇ ಹುಡುಗನನ್ನು ಹೊರಗೆ ಕರೆಯುತ್ತಾರೆ. ಪಂದ್ಯದ ಕೊನೆಯ ಇಪ್ಪತ್ತು ನಿಮಿಷ, ಎಲ್ಲರ ಕಾಲೂ ಸೋತಿರುವ ಹೊತ್ತು, ಫಾರ್ವರ್ಡ್ ಕಲಿಯುವ ಹೊತ್ತು. ಅದೇ ಕೈತಪ್ಪುತ್ತದೆ. ಆಗ ಎರಡನೇ ದರ್ಜೆಯ ಕ್ಲಬ್‌ಗೆ ಲೋನ್ ಹೋಗಲು ಹಿಂಜರಿಯಬೇಡಿ. ಮಗನಿಗೆ ಅವಮಾನ ಅನ್ನಿಸಬಹುದು. ಝಮೊರಾನೊ ಕೂಡ ಎರಡನೇ ದರ್ಜೆಯ ಟ್ರಸಾಂದಿನೊಗೆ ಲೋನ್ ಹೋಗಿ ಗೋಲು ಹೊಡೆದೇ ಮೇಲೆ ಬಂದವರು ಅಂತ ಹೇಳಿ. ಚಿಲಿಯ ಇನ್ನೊಬ್ಬ ಫಾರ್ವರ್ಡ್ ಅಲೆಕ್ಸಾಂಡರ್ ಅರಾವೆನಾ ಕೂಡ ಚಿಯ್ಯಾನ್ ಊರಿನ ನ್ಯುಬ್ಲೆನ್ಸೆಗೆ ಲೋನ್ ಹೋಗಿ ಬಂದವರು. 2024ರಲ್ಲಿ ಬ್ರೆಜಿಲ್‌ನ ಗ್ರೆಮಿಯೊ ಅವರನ್ನು ಕೊಂಡಿತು.

ಕ್ಲಬ್ ವೃತ್ತಿಪರ ಒಪ್ಪಂದ ಮುಂದಿಟ್ಟರೆ ಹೆದರಬೇಡಿ. 18ರ ಒಳಗೆ ಮೂರು ವರ್ಷಕ್ಕಿಂತ ಜಾಸ್ತಿ ಕಟ್ಟಿಹಾಕುವಂತಿಲ್ಲ. ಕ್ರೀಡಾ ಕಾನೂನು ಗೊತ್ತಿರುವ ಅಲ್ಲಿನ ವಕೀಲರೊಬ್ಬರಿಗೆ ದುಡ್ಡು ಕೊಟ್ಟು ಓದಿಸಿ. ಏಜೆಂಟ್ ಪರಿಚಯಿಸಿದ ವಕೀಲರು ಬೇಡ.

ಇದರ ನಂತರದ ಹೆಜ್ಜೆ ಅರ್ಜೆಂಟೀನಾ, ಬ್ರೆಜಿಲ್ ಅಥವಾ ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ನಂಥ ಮಧ್ಯಮ ಲೀಗ್. ಬ್ರೆಜಿಲ್‌ನಲ್ಲಿ ದುಡ್ಡು ಚೆನ್ನಾಗಿದೆ, ಆದರೆ ಪೈಪೋಟಿ ಜಾಸ್ತಿ, ಹೊರಗಿನ ಹುಡುಗನಿಗೆ ತಾಳ್ಮೆ ತೋರುವುದು ಕಡಿಮೆ. ಡೆನ್ಮಾರ್ಕ್‌ನಲ್ಲಿ ಚಳಿಗಾಲದ ಬಿಡುವು ಉದ್ದ, ಒಂಟಿತನ ಕಾಡುತ್ತದೆ, ಆದರೆ ಹುಡುಗರನ್ನು ಆಡಿಸುತ್ತಾರೆ. ನೇರವಾಗಿ ಇಟಲಿ, ಇಂಗ್ಲೆಂಡಿನ ದೊಡ್ಡ ಕ್ಲಬ್‌ಗೆ ಹೋಗುವುದಾದರೆ ಅಲೆಕ್ಸಿಸ್‌ಗೆ ಸಿಕ್ಕ ಥರದ ಯೋಜನೆ ಬರಹದಲ್ಲಿ ಬೇಕು. ಮೊದಲ ವರ್ಷ ಎಲ್ಲಿ ಆಡಿಸುತ್ತೀರಿ? ಲೋನ್ ಆದರೆ ಯಾವ ಕ್ಲಬ್? ಅಲ್ಲಿ ನನ್ನ ಜಾಗದಲ್ಲಿ ಈಗ ಯಾರಿದ್ದಾರೆ? ಈ ಮೂರಕ್ಕೆ ಉತ್ತರ ಇಲ್ಲದ ಕಡೆ ಸಂಬಳ ಎಷ್ಟೇ ಇರಲಿ, ಹೋಗಬಾರದು.

ಓದಿನ ವಿಷಯದಲ್ಲಿ ಯಜಮಾನರು ಹೇಳಿದ್ದು ಸರಿ. ಅದು ಆಟಕ್ಕೆ ಅಡ್ಡಿಯಲ್ಲ. ಕ್ವಾರ್ತೊ ಮೇದಿಯೊ, ಅಂದರೆ ಶಾಲೆಯ ಕೊನೆಯ ವರ್ಷ, ಮುಗಿಸಲು ಇನ್ನು ಎಷ್ಟು ದೂರ? ಮುಗಿಸಲಿ. ವಿಶ್ವವಿದ್ಯಾಲಯಕ್ಕೆ ಬೇಕಾದ ಪಾಯೆಸ್ ಪ್ರವೇಶ ಪರೀಕ್ಷೆಯೂ ಬರೆಯಲಿ. ಲೀಗ್ ಮುಗಿಯುವ ಹೊತ್ತಿಗೇ ಬರುವ ಪರೀಕ್ಷೆ ಅದು. ಹೇಗೂ 18 ತುಂಬುವ ತನಕ ಹೊರಗೆ ಹೋಗುವಂತಿಲ್ಲ. ಆ ತಿಂಗಳುಗಳಲ್ಲಿ ಇಂಗ್ಲಿಷನ್ನೂ ಗಟ್ಟಿ ಮಾಡಿಕೊಳ್ಳಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಸ್ಪ್ಯಾನಿಷ್ ಅಂತ ಬೆಳೆದವನಿಗೆ ಇನ್ನೊಂದು ಭಾಷೆ ಭಾರವಾಗಲಿಕ್ಕಿಲ್ಲ. ನಾನು ಹೇಳಿದ ಆ ಹುಡುಗನ ಹತ್ತಿರ ಇದೊಂದು ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಕೊನೆಗೆ ಮಗನಿಗೇ ಒಂದು ಕೆಲಸ. ನನಗೆ ಎರಡು ಪೂರ್ತಿ ಪಂದ್ಯದ ವಿಡಿಯೊ ಕಳಿಸು ಮರಿ. ಗೋಲುಗಳನ್ನು ಕತ್ತರಿಸಿ ಹಾಡು ಹಾಕಿದ್ದು ಬೇಡ. ಒಂದು ನೀನು ಗೋಲು ಹೊಡೆದ ಪಂದ್ಯ, ಇನ್ನೊಂದು ತಂಡ ಸೋತು ನಿನಗೆ ಒಂದು ಗೋಲೂ ಸಿಗದ ಪಂದ್ಯ. ಅಪ್ಪನಿಗೆ ಸ್ಟ್ಯಾಂಡ್‌ನಲ್ಲಿ ಎತ್ತರದ ಜಾಗಕ್ಕೆ ಹೋಗಿ, ಚೆಂಡನ್ನು ಬಿಟ್ಟು ನಿನ್ನನ್ನೇ ಹಿಡಿಯಲು ಹೇಳು. ಚೆಂಡು ಇಲ್ಲದಾಗ ನೀನು ಎಲ್ಲಿಗೆ ಓಡುತ್ತೀಯ, ಪಾಸ್ ಬರುವ ಮೊದಲು ಹೆಗಲ ಮೇಲಿಂದ ಎಷ್ಟು ಸಲ ಹಿಂದೆ ನೋಡುತ್ತೀಯ, ಚೆಂಡು ಕಳೆದುಕೊಂಡ ಮೇಲೆ ಮೊದಲ ಮೂರು ಸೆಕೆಂಡು ಏನು ಮಾಡುತ್ತೀಯ, ಅದನ್ನು ನೋಡಬೇಕು ನನಗೆ. ಸೋತ ಪಂದ್ಯವನ್ನೇ ಮೊದಲು ನೋಡುತ್ತೇನೆ. ನೋಡಿ, ನಿನಗೂ ನಿನ್ನ ಅಪ್ಪ ಅಮ್ಮನಿಗೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.